ಕಾಲರಕ್ಕ ಸಹಿ ಹಾಕಿದ ಕಾಗದ

ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸೊಬ್ಬಳು ತಿಂಗಳಿಗೊಮ್ಮೆ ನಮ್ಮ ಬೀದಿಗೆ ಬರುತ್ತಾಳೆ. ಹೋದ ಭಾನುವಾರ ಬಂದಿದ್ದಳು. ಬೀರುವಿನ ತಳದಲ್ಲಿ ವರ್ಷಗಳಿಂದ ಕೂತಿದ್ದ ಗಂಟನ್ನು ಎಳೆದು ತಂದು ಅವಳ ಮುಂದೆ ಸುರಿದೆ. ಅವಳು ಒಂದೊಂದನ್ನೇ ಎತ್ತಿ ಬಿಸಿಲಿಗೆ ಹಿಡಿದು, ಮೂಗು ಮುರಿದು, ಪಕ್ಕಕ್ಕೆ ಹಾಕುತ್ತಾ ಹೋದಳು. ಹಿಂದೆ ನಾನು ಕೆಲಸಕ್ಕಿದ್ದ ಕಾರ್ಖಾನೆಯಿಂದ ತಂದಿದ್ದ, ನಮ್ಮ ಮನೆಯವರ ಒಂದು ಬಿಳಿ ಅಂಗಿ ಬಂದಾಗ ಮಾತ್ರ ಅವಳ ಕೈ ನಿಂತಿತು. ಅಂಗಿಯ ಬೆನ್ನು ಸವೆದು ಸೊಳ್ಳೆಪರದೆಯಾಗಿತ್ತು, ತೋಳಿನ ಮೇಲೆ ಕಾಫಿಯ ಕಲೆ. ಅವಳು ಕಾಲರನ್ನು ಬೆರಳಲ್ಲಿ ಮಡಿಸಿ, ಬಿಟ್ಟು, ಮತ್ತೆ ಮಡಿಸಿ ನೋಡಿದಳು.

"ಬಟ್ಟೆ ಸತ್ತೋಗೈತೆ ತಾಯಿ, ಕಾಲರ್ ಸತ್ತಿಲ್ಲ," ಅಂದಳು.

ನಾನು ಅಂಗಿಯನ್ನು ಅವಳ ಕೈಯಿಂದ ವಾಪಸ್ ತೆಗೆದುಕೊಂಡೆ. ಒಮ್ಮೆ ಸುರಿದದ್ದನ್ನು ಹಿಂದಕ್ಕೆ ಎಳೆದುಕೊಳ್ಳುವುದು ಈ ವ್ಯಾಪಾರದಲ್ಲಿ ಮಹಾ ಅಪರಾಧ. ಡಬರಿ ಸಿಗಬೇಕಾದ ಕಡೆ ಒಂದು ಲೋಟ ಸಿಕ್ಕಿತು, ಅದಕ್ಕೂ ಅವಳು ಗೊಣಗಿದಳು. ನಾನು ಚೌಕಾಸಿ ಮಾಡಲಿಲ್ಲ. ಮಾಡುವ ತ್ರಾಣವೂ ಇರಲಿಲ್ಲ... ಆ ಕಾಲರ್ ಹೊಲಿದವಳು ಯಾರೆಂದು ನನಗೆ ಗೊತ್ತಿತ್ತು.

ಅವಳ ನಿಜವಾದ ಹೆಸರಿನಿಂದ ಅವಳನ್ನು ಕರೆಯುತ್ತಿದ್ದದ್ದು ಹಾಜರಿ ಪುಸ್ತಕ ಒಂದೇ. ಉಳಿದ ನಮಗೆಲ್ಲ ಅವಳು ಕಾಲರಕ್ಕ. ಮಧುಗಿರಿಯಿಂದ ಶಿರಾ ಕಡೆಗೆ ಹೋಗುವ ರಸ್ತೆಯಲ್ಲಿ ನೀಲಿ ತಗಡಿನ ಎರಡು ಶೆಡ್ ಇದ್ದ ಒಂದು ಗಾರ್ಮೆಂಟ್ಸ್ ಅದು. ಬೆಳಿಗ್ಗೆ ಕೊರಟಗೆರೆ ಕಡೆಯಿಂದ, ದೊಡ್ಡೇರಿ ಕಡೆಯಿಂದ, ಬಡವನಹಳ್ಳಿ ಕಡೆಯಿಂದ ಬಸ್ಸುಗಳು ಹೆಂಗಸರನ್ನು ತಂದು ಗೇಟಿನ ಮುಂದೆ ಇಳಿಸುತ್ತಿದ್ದವು. ಅಲ್ಲಿ ನಾನು ವೆಲ್‌ಫೇರ್ ಆಫೀಸರ್. ಹೆಸರು ದೊಡ್ಡದು. ಕ್ಯಾಂಟೀನಿನ ಮುದ್ದೆ ಗಟ್ಟಿಯಾದರೆ, ಶೌಚಾಲಯದ ನಲ್ಲಿ ಕಿತ್ತುಹೋದರೆ, ಬಸ್ಸಿನ ಕಿಟಕಿ ಸೀಟಿಗೆ ಇಬ್ಬರು ಜುಟ್ಟು ಹಿಡಿದುಕೊಂಡರೆ ನನ್ನನ್ನು ಕರೆಯುತ್ತಿದ್ದರು. ಬೈಸಿಕೊಳ್ಳುವುದಕ್ಕೆಂದೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದಾರೆ ಎಂದು ನಮ್ಮ ಮನೆಯವರು ತಮಾಷೆ ಮಾಡುತ್ತಿದ್ದರು. ತಮಾಷೆಯೇನೂ ಆಗಿರಲಿಲ್ಲ, ನಿಜವೇ ಆಗಿತ್ತು.

ಕಾಲರಕ್ಕ ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಬಡವನಹಳ್ಳಿಯಿಂದ ಒಳಗೆ ಹೋಗುವ ಒಂದು ಊರಿನವಳು, ಕುರಿ ಸಾಕುವ ಮನೆಯವಳು. ಹುಟ್ಟಿನಿಂದಲೇ ಕಿವಿ ಕೇಳದು. ಕೇಳದ್ದರಿಂದ ಮಾತೂ ಬಂದಿರಲಿಲ್ಲ. ಮದುವೆಯಾಗಿರಲಿಲ್ಲ, ಅಣ್ಣನ ಮನೆಯಲ್ಲಿದ್ದಳು. ಅಣ್ಣನ ಹೆಂಡತಿ, ಅಂದರೆ ಅವಳ ಅತ್ತಿಗೆಯೂ ಅದೇ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಅತ್ತಿಗೆ ಹೆಲ್ಪರ್, ಹೊಲಿದು ಬಂದ ಅಂಗಿಗಳಲ್ಲಿ ಉಳಿದ ದಾರದ ತುದಿಗಳನ್ನು ಕತ್ತರಿಸುವವಳು. ಕಾಲರಕ್ಕ ಟೈಲರ್. ಗಾರ್ಮೆಂಟ್ಸ್‌ನಲ್ಲಿ ಈ ಎರಡು ಮಾತಿನ ನಡುವೆ ಏನಿದೆ ಎನ್ನುವುದು ಒಳಗೆ ದುಡಿದವರಿಗೇ ಗೊತ್ತು. ಟೈಲರ್ ಕೂರುತ್ತಾಳೆ, ಹೆಲ್ಪರ್ ದಿನವಿಡೀ ನಿಲ್ಲುತ್ತಾಳೆ. ಮನೆಯಲ್ಲಿ ಅತ್ತಿಗೆಯದೇ ಯಜಮಾನಿಕೆ, ಒಲೆ ಅವಳದು, ಬೀಗದ ಕೈ ಅವಳದು. ಆದರೆ ಬಸ್ಸಿನಿಂದ ಇಳಿದು ಗೇಟು ದಾಟಿದ ಮೇಲೆ ಕಾಲರಕ್ಕ ಮುಂದೆ, ಅತ್ತಿಗೆ ಹಿಂದೆ. ಚಿಂದಿ ಬಟ್ಟೆ ತುಂಬಿ ಹೊಲಿದುಕೊಂಡಿದ್ದ ತನ್ನ ಕುರ್ಚಿಯ ದಿಂಬನ್ನು ಕಂಕುಳಲ್ಲಿ ಇಟ್ಟುಕೊಂಡು ಅವಳು ನಡೆಯುವ ಠೀವಿ ನೋಡಿ ನಮಗೆ ನಗು ಬರುತ್ತಿತ್ತು. ಆ ದಿಂಬು ಇಡುವುದಕ್ಕೆ ಒಂದು ಕುರ್ಚಿ ಜಗತ್ತಿನಲ್ಲಿ ಅವಳಿಗೆ ಇದ್ದದ್ದು ಅಲ್ಲಿ ಮಾತ್ರ.

ಅಂಗಿಯಲ್ಲಿ ಕಷ್ಟದ ಕೆಲಸ ಕಾಲರಿನದು. ಒಳಮುಖವಾಗಿ ಹೊಲಿದು ಆಮೇಲೆ ತಿರುಗಿಸಿ ಮೂಲೆಯನ್ನು ಚೂಪು ಮಾಡಬೇಕು. ಹೊಲಿಯುವಾಗ ಒಂದು ಹೊಲಿಗೆ ತಪ್ಪಿದ್ದರೂ ತಿರುಗಿಸಿದಾಗ ಮೂಲೆ ಬಾಯಿ ಬಿಡುತ್ತದೆ. ಉಳಿದ ಟೈಲರುಗಳು ಕಿವಿಯಿಂದ ಕೆಲಸ ಮಾಡುತ್ತಾರೆ ಎನ್ನುವುದು ನನಗೆ ಆಗ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಸೂಜಿ ಮೊಂಡಾದರೆ ಸದ್ದು ಬೇರೆಯಾಗುತ್ತದೆ, ಬಾಬಿನ್ನಿನಲ್ಲಿ ದಾರ ಮುಗಿಯುತ್ತಾ ಬಂದರೆ ಸದ್ದು ಹಗುರವಾಗುತ್ತದೆ, ಕೈ ತಾನಾಗಿ ನಿಲ್ಲುತ್ತದೆ. ಕಾಲರಕ್ಕನಿಗೆ ಅದೆಲ್ಲ ಅಂಗೈಯಲ್ಲಿತ್ತು. ಎಡಗೈಯನ್ನು ಬಟ್ಟೆಯ ಪಕ್ಕ ಟೇಬಲ್ಲಿನ ಹಲಗೆಗೆ ಒತ್ತಿ ಇಟ್ಟುಕೊಂಡೇ ಹೊಲಿಯುತ್ತಿದ್ದಳು. ಹಲಗೆಯ ನಡುಕದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕಾಲು ಪೆಡಲ್ ಬಿಡುತ್ತಿತ್ತು. ಮೆಕ್ಯಾನಿಕ್ ಬೇರೆಯವರ ಮಿಷಿನ್ ರಿಪೇರಿ ಮಾಡಿದ ಮೇಲೂ ಅವಳನ್ನು ಕರೆದು ಕೈ ಇಡಿಸುತ್ತಿದ್ದ. ಅವಳು ತಲೆ ಆಡಿಸಿದರೆ ಸರಿ, ತುಟಿ ಸೊಟ್ಟ ಮಾಡಿದರೆ ಮತ್ತೆ ಬಿಚ್ಚಬೇಕು. ಅವಳನ್ನು ಕರೆಯುವ ರೀತಿಯೂ ಹಾಗೇ ಇತ್ತು. ಲೈನಿನವರು ಟೇಬಲ್ ಹಲಗೆಯ ಮೇಲೆ ಎರಡು ಸಲ ಗುದ್ದುತ್ತಿದ್ದರು, ಅವಳು ತಿರುಗುತ್ತಿದ್ದಳು. ಇದನ್ನೆಲ್ಲ ನಾನು ದಿನವೂ ನೋಡುತ್ತಿದ್ದೆ. ನೋಡುವುದು ಬೇರೆ, ತಿಳಿಯುವುದು ಬೇರೆ.

ಹೀಗಿರುವಾಗ ಆ ಫಾರಂ ಬಂತು. ನಮ್ಮ ಅಂಗಿಗಳನ್ನು ಕೊಳ್ಳುವ ಹೊರದೇಶದ ಕಂಪನಿಯವರು ಕೇಳಿದ್ದಾರೆ, ಅಂಗವೈಕಲ್ಯವಿರುವ ಪ್ರತಿ ನೌಕರರಿಗೂ ಒಂದು ಬೆಂಬಲ ಯೋಜನೆ ಬರೆದು ಇಡಬೇಕು ಎಂದು ಹೆಡ್ ಆಫೀಸಿನಿಂದ ಆದೇಶ. ನೌಕರರ ತೊಂದರೆ ಏನು, ಕಂಪನಿ ಏನು ಮಾಡುತ್ತದೆ, ಯಾರ ಜವಾಬ್ದಾರಿ, ಕೊನೆಗೆ ನೌಕರರ ಒಪ್ಪಿಗೆ ಮತ್ತು ಸಹಿ. ನನಗೆ ಎರಡು ದಿನ ತರಬೇತಿಯನ್ನೂ ಕೊಟ್ಟರು. ನಾನು ಉಬ್ಬಿಹೋದೆ. ನಲ್ಲಿ ರಿಪೇರಿ ಮಾಡಿಸುವವಳಿಗೆ ಮೊದಲ ಸಲ ಒಂದು ಘನವಾದ ಕೆಲಸ ಸಿಕ್ಕಿತ್ತು. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತಿ ಎತ್ತಿ ಒಗೆದ ಅನ್ನುತ್ತಾರಲ್ಲ, ಹಾಗೆ ಒಗೆಯಲು ಹೊರಟೆ.

ಮೊದಲನೆಯ ಯೋಜನೆ ಪೋಲಿಯೋ ಆದ ಕಾಲಿನ ಒಬ್ಬ ಚೆಕಿಂಗ್ ಹುಡುಗಿಯದು. ಅವಳಿಗೆ ಎತ್ತರದ ಕುರ್ಚಿ ಕೊಡಿಸಿದೆ. ಅವಳು ಸಂತೋಷಪಟ್ಟಳು, ಮ್ಯಾನೇಜರು ಬೆನ್ನು ತಟ್ಟಿದರು. ಅಲ್ಲಿಂದ ನನಗೆ ಎಲ್ಲ ತಿಳಿದುಬಿಟ್ಟಿತು! ಎರಡನೆಯದು ಕಾಲರಕ್ಕನದು. ಕಿವಿ ಕೇಳದವಳ ತೊಂದರೆ ಏನಿರಬಹುದು ಎಂದು ನನ್ನ ಕೋಣೆಯಲ್ಲಿ ಕೂತು ಯೋಚಿಸಿದೆ. ಬೆಂಕಿ ಬಿದ್ದರೆ ಗಂಟೆ ಕೇಳುವುದಿಲ್ಲ. ಹಾಗಾದರೆ ಕಣ್ಣಿಗೆ ಕಾಣುವ ಕೆಂಪು ದೀಪ ಬೇಕು. ಎಲೆಕ್ಟ್ರಿಷಿಯನ್ನನ್ನು ಕೇಳಿದೆ. ವೈರು ಎಳೆಯಲು ಹಿಂದಿನ ಗೋಡೆಯೇ ಸುಲಭ, ತುರ್ತು ಬಾಗಿಲೂ ಅಲ್ಲೇ ಇದೆ ಅಂದ. ಆ ಗೋಡೆಯ ಆಚೆಗೆ ಕಂಪ್ರೆಸರ್ ಇತ್ತು, ಅದರ ಪಕ್ಕದಲ್ಲಿ ಜನರೇಟರ್. ಅಲ್ಲಿ ಕೂತ ಟೈಲರುಗಳೆಲ್ಲ ತಲೆ ಸಿಡಿಯುತ್ತದೆ ಎಂದು ಅತ್ತು ಎದ್ದು ಬಂದಿದ್ದರು. ತಿಂಗಳುಗಟ್ಟಲೆ ಆ ಸೀಟು ಖಾಲಿ.

ನಾನು ಫಾರಂನಲ್ಲಿ ಬರೆದೆ: "ಇವರಿಗೆ ಶಬ್ದದಿಂದ ತೊಂದರೆ ಇಲ್ಲವಾದ್ದರಿಂದ ಈ ಸ್ಥಳ ಸೂಕ್ತ." ಬರೆದು ಓದಿಕೊಂಡೆ. ಚೆನ್ನಾಗಿದೆ ಅನ್ನಿಸಿತು. ಯಾರಿಗೂ ಬೇಡದ ಸೀಟು ತುಂಬಿತು, ಒಬ್ಬಳ ಪ್ರಾಣಕ್ಕೆ ಭದ್ರತೆಯೂ ಆಯಿತು. ಆ ವಾಕ್ಯ ನನಗೆ ಇವತ್ತಿಗೂ ಬಾಯಿಪಾಠವಿದೆ. ಮರೆಯಲು ಪ್ರಯತ್ನ ಪಟ್ಟಿದ್ದೇನೆ.

ಸಹಿ ಮಾಡಿಸಲು ನಾನೇ ಅವಳ ಬಳಿ ಹೋದೆ. ಊಟದ ಬಿಡುವಿನಲ್ಲಿ ಹೋಗಿದ್ದರೆ ಅತ್ತಿಗೆ ಇರುತ್ತಿದ್ದಳು, ಮನೆಯ ಸನ್ನೆಯಲ್ಲಿ ಎಲ್ಲವನ್ನೂ ವಿವರಿಸುತ್ತಿದ್ದಳು. ನನಗೆ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ, ಅವತ್ತೇ ಫಾರಂ ಕಳಿಸಬೇಕಿತ್ತು. ಹಲಗೆ ಗುದ್ದಿ ಕರೆದೆ. ಕಾಗದ ಚಾಚಿ ಸಹಿಯ ಜಾಗಕ್ಕೆ ಬೆರಳಿಟ್ಟೆ. ಅವಳು ಕಾಗದವನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ನಾನು ನಕ್ಕೆ. ಅವಳೂ ನಕ್ಕಳು. ಕಲಿತಿದ್ದ ನಾಲ್ಕು ಅಕ್ಷರಗಳನ್ನು ಒಂದರ ಪಕ್ಕ ಒಂದು ಜೋಡಿಸಿ ಬರೆದಳು. ನನ್ನ ಪಾಲಿಗೆ ಒಪ್ಪಿಗೆ ಅಂದರೆ ಅಷ್ಟೇ ಆಗಿತ್ತು.

ಸೋಮವಾರ ಅವಳ ದಿಂಬು ಹಿಂದಿನ ಗೋಡೆಯ ಹತ್ತಿರಕ್ಕೆ ಹೋಯಿತು. ಅವಳು ಒಂದು ಸಲ ತನ್ನ ಹಳೇ ಸೀಟಿನ ಕಡೆ ಕೈ ತೋರಿಸಿದಳು. ನಾನು ಸಂಭ್ರಮದಿಂದ ಮೇಲೆ ಕೈ ತೋರಿಸಿ ಎಲೆಕ್ಟ್ರಿಷಿಯನ್ನಿಗೆ ದೀಪ ಹಾಕಲು ಹೇಳಿದೆ. ಕೆಂಪು ದೀಪ ಗಿರಗಿರ ತಿರುಗಿತು. ಅದರ ಕೆಳಗೆ ಅವಳನ್ನು ನಿಲ್ಲಿಸಿ ಫೋಟೋ ತೆಗೆಸಿ ನೋಟಿಸ್ ಬೋರ್ಡಿಗೆ ಅಂಟಿಸಿದೆವು. ಫೋಟೋದಲ್ಲಿ ನಾನೂ ಇದ್ದೆ, ಅವಳಿಗಿಂತ ಅಗಲವಾಗಿ ನಗುತ್ತಾ.

ಮೊದಲ ವಾರ ಯಾರಿಗೂ ಏನೂ ತಿಳಿಯಲಿಲ್ಲ. ಎರಡನೇ ವಾರದಲ್ಲಿ ಚೆಕಿಂಗ್ ಟೇಬಲ್ಲಿನಿಂದ ಕಾಲರುಗಳು ವಾಪಸ್ ಬರತೊಡಗಿದವು. ಆ ಲೈನಿನ ಸೂಪರ್‌ವೈಸರ್ ಪಾವಗಡದ ಕಡೆಯವನು, ಬೇಜಾರಾದರೆ ತೆಲುಗು ಮುಂದೆ ಬರುತ್ತಿತ್ತು. "ಏಂ ಚೇಸೇದಿ ಮೇಡಂ, ಏನ್ ಮಾಡ್ಲಿ ಹೇಳಿ. ಆಯಮ್ಮನ ಕೈಯಾಗೆ ಕಾಲರ್ ಬಾಯಿ ಬುಡ್ತಾವೆ ಅಂದ್ರೆ ನಾನೇ ನಂಬಲ್ಲ," ಅಂದ. ಹೊಸ ಜಾಗ, ಹೊಂದಿಕೊಳ್ಳುತ್ತಾಳೆ ಎಂದೆ. ಅಲ್ಲಿ ಹಲಗೆ ಗುದ್ದಿದರೂ ಅವಳು ತಿರುಗುತ್ತಿರಲಿಲ್ಲ. ಹಿಂದಿನಿಂದ ಬಂದು ಬೆನ್ನು ತಿವಿಯಲು ಶುರುಮಾಡಿದರು. ತಿವಿದಾಗಲೆಲ್ಲ ಬೆಚ್ಚಿಬೀಳುತ್ತಿದ್ದಳು. ಅದನ್ನೂ ನಾನು ಎರಡು ಸಲ ಕಣ್ಣಾರೆ ಕಂಡೆ, ಪಾಪ ಅಂದುಕೊಂಡು ಮುಂದೆ ಹೋದೆ.

ಮೂರನೇ ವಾರದ ಒಂದು ಮಧ್ಯಾಹ್ನ ಅವಳು ನನ್ನ ಕೋಣೆಗೆ ಬಂದಳು. ಅದಕ್ಕೆ ಮೊದಲು ಎಂದೂ ಬಂದವಳಲ್ಲ. ಏನೂ ಸನ್ನೆ ಮಾಡದೆ ನನ್ನ ಮಣಿಕಟ್ಟು ಹಿಡಿದಳು. ಬಿಗಿಯಾಗಿ ಹಿಡಿದಳು, ಮಕ್ಕಳನ್ನು ರಸ್ತೆ ದಾಟಿಸುವಾಗ ಹಿಡಿಯುವ ಹಾಗೆ. ಲೈನಿನವರೆಲ್ಲ ನೋಡುತ್ತಿದ್ದಂತೆ ಹಿಂದಿನ ಗೋಡೆಯವರೆಗೆ ಕರೆದುಕೊಂಡು ಹೋಗಿ, ನನ್ನ ಅಂಗೈಯನ್ನು ಟೇಬಲ್ಲಿನ ಹಲಗೆಗೆ ಒತ್ತಿದಳು. ಮಿಷಿನ್ ಓಡುತ್ತಿರಲಿಲ್ಲ. ಆದರೂ ಹಲಗೆ ನಡುಗುತ್ತಿತ್ತು, ಆ ನಡುಕ ಬೆರಳಿನಿಂದ ಮೊಣಕೈವರೆಗೆ ಏರುತ್ತಿತ್ತು. ಕಂಪ್ರೆಸರಿನದು.

ಅಲ್ಲಿಂದ ಅವಳ ಹಳೇ ಸೀಟಿಗೆ ಎಳೆದುಕೊಂಡು ಹೋದಳು. ಅಲ್ಲಿ ಕೂತಿದ್ದವಳನ್ನು ಎಬ್ಬಿಸಿ, ನನ್ನ ಕೈಯನ್ನು ಅಲ್ಲಿಯ ಹಲಗೆಯ ಮೇಲೆ ಇಟ್ಟಳು. ಹಲಗೆ ಸತ್ತಂತೆ ಸುಮ್ಮನಿತ್ತು. ಕೂತು ಪೆಡಲ್ ಒತ್ತಿದಳು. ಸಣ್ಣಗೆ, ಒಂದೇ ಸಮನೆ ಬರುವ ನಡುಕ. ಆಮೇಲೆ ದಾರದ ತಿರುಪನ್ನು ಕಾಲು ಸುತ್ತು ಸಡಿಲಿಸಿ ಮತ್ತೆ ಒತ್ತಿದಳು. ಜೀವಮಾನದಲ್ಲಿ ಒಂದು ಗುಂಡಿಯನ್ನೂ ನೆಟ್ಟಗೆ ಹೊಲಿಯದ ನನ್ನ ಕೈಗೂ ತಿಳಿಯಿತು, ನಡುಕ ಕುಂಟುತ್ತಿತ್ತು. ಅವಳು ಮಿಷಿನ್ ನಿಲ್ಲಿಸಿ ನನ್ನ ಮುಖ ನೋಡುತ್ತಾ ಕೂತಳು.

ನನಗೆ ಅರ್ಥವಾಯಿತು. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಇದಾದ ಮೇಲೆ ನನಗೆ ಗೊತ್ತಿರಲಿಲ್ಲ ಎನ್ನಲು ದಾರಿಯಿಲ್ಲ. ಅವಳ ಕಿವಿ ಇದ್ದದ್ದು ಆ ಹಲಗೆಯಲ್ಲಿ. ಬೆಂಬಲ ಯೋಜನೆ ಬರೆದು, ಫೋಟೋ ತೆಗೆಸಿ, ಅವಳನ್ನು ಎರಡನೇ ಸಲ ಕಿವುಡಿ ಮಾಡಿದವಳು ನಾನು.

ನೇರವಾಗಿ ಮ್ಯಾನೇಜರ ಬಳಿ ಹೋದೆ. ಅವರು ಕೆಟ್ಟ ಮನುಷ್ಯರಲ್ಲ. ಪೂರ್ತಿ ಕೇಳಿಸಿಕೊಂಡರು. ಹತ್ತು ದಿನದಲ್ಲಿ ಕೊಳ್ಳುವ ಕಂಪನಿಯವರ ಆಡಿಟ್ ಇದೆ, ದೀಪ ಆ ಗೋಡೆಯಲ್ಲಿದೆ, ಫೋಟೋ ಬೋರ್ಡಿನಲ್ಲಿದೆ, ಯೋಜನೆಯ ಪ್ರತಿ ಆಗಲೇ ಕೊಳ್ಳುವವರಿಗೆ ಹೋಗಿದೆ ಎಂದರು. ಡ್ರಾಯರಿನಿಂದ ಕಾಗದ ತೆಗೆದು ನನ್ನ ಕಡೆ ತಿರುಗಿಸಿದರು. "ಅವರೇ ಒಪ್ಪಿ ಸಹಿ ಹಾಕಿದ್ದಾರಲ್ಲ ಮೇಡಂ. ಆಡಿಟ್ ಮುಗಿಯಲಿ, ಆಮೇಲೆ ನೋಡೋಣ."

ಆ ಸಹಿ ಹೇಗೆ ಬಂತೆಂದು ನಾನು ಹೇಳಬಹುದಿತ್ತು. ಹೇಳಿದರೆ ಯೋಜನೆ ತಯಾರಿಸಿದವರು ಎಂಬ ಗೆರೆಯ ಮೇಲಿದ್ದ ನನ್ನ ಹೆಸರೂ ಹಾಳಾಗುತ್ತಿತ್ತು. ಅವತ್ತು ಬೆಳಗಿನಿಂದ ಕ್ಯಾಂಟೀನಿನವನ ಜೊತೆ, ಬಸ್ಸಿನವನ ಜೊತೆ ಜಗಳವಾಡಿ ಸುಸ್ತಾಗಿದ್ದೆ. ಮೂರನೇ ಜಗಳಕ್ಕೆ ಉಸಿರಿರಲಿಲ್ಲ. ಹತ್ತೇ ದಿನ ತಾನೇ ಎಂದುಕೊಂಡೆ. ಲೈನಿಗೆ ಬಂದು ಅವಳ ಮುಂದೆ ನಿಂತು ಹತ್ತೂ ಬೆರಳು ಬಿಚ್ಚಿ ತೋರಿಸಿದೆ. ಹತ್ತು ದಿನ, ಆಮೇಲೆ ನಿನ್ನ ಜಾಗ. ಅವಳು ಬೆರಳುಗಳನ್ನು ನೋಡಿ, ತಾನೂ ಹತ್ತು ಬೆರಳು ಬಿಚ್ಚಿ, ತಲೆ ಆಡಿಸಿದಳು.

ಆಡಿಟ್ ಮುಂದಕ್ಕೆ ಹೋಯಿತು. ಮತ್ತೊಂದು ವಾರ, ಮತ್ತೂ ಒಂದು ವಾರ... ಹನ್ನೊಂದನೇ ದಿನ ಅವಳು ನನ್ನನ್ನು ಕಂಡಾಗ ಹತ್ತು ಬೆರಳು ತೋರಿಸಿದಳು. ನಾನು ಇನ್ನೂ ಐದು ತೋರಿಸಿದೆ. ಅದಾದ ಮೇಲೆ ಅವಳು ಕೇಳಲಿಲ್ಲ, ನಾನು ಆ ಲೈನಿನ ಕಡೆ ಹೋಗುವುದನ್ನು ಕಡಿಮೆ ಮಾಡಿದೆ. ದಿನದ ಟಾರ್ಗೆಟ್ ಮುಟ್ಟಿಸಬೇಕಾದ ಸೂಪರ್‌ವೈಸರ್ ಎಷ್ಟು ದಿನ ತಾಳುತ್ತಾನೆ. ಕಾಲರನ್ನು ಬೇರೊಬ್ಬಳಿಗೆ ಕೊಟ್ಟು ಇವಳನ್ನು ಸದ್ಯಕ್ಕೆ ಎಂದು ದಾರ ಕತ್ತರಿಸಲು ನಿಲ್ಲಿಸಿದ. ಅತ್ತಿಗೆಯ ಪಕ್ಕದಲ್ಲಿ, ಅದೇ ಉದ್ದನೆಯ ಟೇಬಲ್ಲಿನ ಮುಂದೆ, ನಿಂತುಕೊಂಡು. ದಿಂಬನ್ನು ಟೇಬಲ್ಲಿನ ಕೆಳಗೆ ಕಾಲಿನ ಹತ್ತಿರ ಇಟ್ಟುಕೊಂಡಿರುತ್ತಿದ್ದಳು. ಸಂಜೆ ಬಸ್ಸಿಗೆ ಹೋಗುವಾಗ ಅತ್ತಿಗೆಯ ಹಿಂದೆ ನಡೆಯುತ್ತಿದ್ದಳು.

ಕೊನೆಗೊಮ್ಮೆ ಆಡಿಟರ್ ಬಂದರು. ಆ ಬೆಳಿಗ್ಗೆ ಕಾಲರಕ್ಕನನ್ನು ಮತ್ತೆ ಕೆಂಪು ದೀಪದ ಕೆಳಗೆ ಕೂರಿಸಿದೆವು. ಕೂರಿಸಿದೆವು ಅಂದರೆ, ನಾನು ಹೋಗಿ ಕೈ ಹಿಡಿದು ಕರೆತಂದೆ. ಕೈ ಹಿಡಿದಾಗ ಅವಳ ಮುಖ ಒಂದು ಕ್ಷಣ ಅರಳಿತು. ತಡವಾದರೂ ಮಾತು ಉಳಿಸಿಕೊಂಡೆ ಅಂದುಕೊಂಡಳೇನೋ. ಆದರೆ ಅವಳ ಮುಂದೆ ಇಟ್ಟದ್ದು ಬೇರೆಯವಳು ಹೊಲಿದು ಮುಗಿಸಿದ್ದ ಕಾಲರುಗಳ ಕಟ್ಟು. ಅವಳು ಒಂದನ್ನು ಎತ್ತಿ, ಮೂಲೆ ಮುಟ್ಟಿ, ತನ್ನದಲ್ಲವೆಂದು ತಿಳಿದು ಕೆಳಗಿಟ್ಟಳು. ಹೊಲಿಯುವ ಹಾಗೆ ಸುಮ್ಮನೆ ಕೂರು ಎಂದು ನಾನು ಕೈಸನ್ನೆ ಮಾಡಿದೆ.

ಆಡಿಟರ್ ದೀಪ ಹಾಕಿಸಿ ನೋಡಿದರು, ತುರ್ತು ಬಾಗಿಲನ್ನು ತಾವೇ ತೆಗೆದು ನೋಡಿದರು. ಇವರಿಗೆ ಈ ಜಾಗ ಅನುಕೂಲವಾಗಿದೆಯೇ ಎಂದು ನನ್ನನ್ನು ಕೇಳಿದರು. ಕಾಲರಕ್ಕ ಅವರ ತುಟಿ ನೋಡಿದಳು, ಆಮೇಲೆ ನನ್ನ ತುಟಿ ನೋಡಿದಳು. "ಬಹಳ ಸಂತೋಷವಾಗಿದ್ದಾರೆ ಸಾರ್" ಅಂದೆ. ಅವಳ ಪರವಾಗಿ ಅಷ್ಟು ಸ್ಪಷ್ಟವಾಗಿ ನಾನು ಎಂದೂ ಮಾತಾಡಿರಲಿಲ್ಲ. ನಮ್ಮ ಬೆಂಬಲ ಯೋಜನೆ ಮಾದರಿಯಾಗಿದೆ, ಬೇರೆ ಶಾಖೆಗಳೂ ನೋಡಿ ಕಲಿಯಬೇಕು ಎಂದು ಅವರು ಬರೆದು ಹೋದರು. ಮ್ಯಾನೇಜರು ಎಲ್ಲರಿಗೂ ಮೈಸೂರು ಪಾಕ್ ಹಂಚಿಸಿದರು. ನಾನೂ ತಿಂದೆ. ತಿನ್ನದಿದ್ದರೆ ಯಾಕೆಂದು ಕೇಳುತ್ತಿದ್ದರು.

ಮರುದಿನ ಅವಳು ಬಸ್ಸು ಹತ್ತಲಿಲ್ಲ. ಅದರ ಮರುದಿನವೂ ಇಲ್ಲ. ಅತ್ತಿಗೆಯನ್ನು ಕರೆದು ಕೇಳಿದೆ. ಬರಲ್ಲ ಅಂತವಳೆ, ಅಷ್ಟೇ ಎಂದಳು. ದಿಂಬು ಎಲ್ಲಿ ಎಂದು ಯಾಕೋ ಕೇಳಿದೆ. ಆಡಿಟ್ ದಿನ ಸಂಜೆ ಮನೆಗೆ ಒಯ್ದಿದ್ದಾಳೆ ಎಂದಳು.

ಈಗ ನನಗೆ ಎಲ್ಲಿಲ್ಲದ ಚುರುಕು ಬಂತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮ್ಯಾನೇಜರ ಮುಂದೆ ಕೂತು ಹಟ ಹಿಡಿದೆ. ಹಳೇ ಸೀಟು, ಕಾಲರಿನ ಕೆಲಸ, ಅವಳ ಸೀಟಿನ ಕಂಬಕ್ಕೇ ಇನ್ನೊಂದು ದೀಪ, ಎಲ್ಲವನ್ನೂ ಹೊಸ ಫಾರಂನಲ್ಲಿ ಬರೆದು ಅವರ ಸಹಿ ಪಡೆದೆ. ಆಡಿಟ್ ಮುಗಿದಿತ್ತಾದ್ದರಿಂದ ಅವರೂ ಉದಾರವಾಗಿದ್ದರು. ಮುಂದಿನ ಭಾನುವಾರ ಬಡವನಹಳ್ಳಿಯಲ್ಲಿ ಇಳಿದು, ಆಟೋ ಹಿಡಿದು, ಅವರ ಊರಿಗೆ ಹೋದೆ. ದಾರಿಯುದ್ದಕ್ಕೂ ಫೈಲನ್ನು ಎದೆಗೆ ಒತ್ತಿಕೊಂಡಿದ್ದೆ. ಅವಳು ಕಾಗದ ನೋಡಿ ಎಷ್ಟು ಸಂತೋಷಪಡುತ್ತಾಳೆ ಎಂದು ಯೋಚಿಸಿಕೊಂಡಿದ್ದೆ. ಇಷ್ಟೆಲ್ಲ ಆದ ಮೇಲೂ ಅದೇ ಯೋಚನೆ, ನೋಡಿ.

ಅವಳು ಮುಳ್ಳುಬೇಲಿಯ ರೊಪ್ಪದಲ್ಲಿ ಕುರಿಯ ಹಿಕ್ಕೆ ಗುಡಿಸುತ್ತಿದ್ದಳು. ನನ್ನನ್ನು ಕಂಡು ಪೊರಕೆ ಇಟ್ಟು, ಕೈ ತೊಳೆದು, ಜಗುಲಿಯ ಮೇಲೆ ಕಂಬಳಿ ಹಾಸಿದಳು. ಒಳಗೆ ಹೋಗಿ ಮಜ್ಜಿಗೆ ತಂದು ಕೊಟ್ಟಳು. ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಫಾರಂ ಬಿಚ್ಚಿ ಕಂಬಳಿಯ ಮೇಲೆ ಹರಡಿದೆ, ಅತ್ತಿಗೆ ಒಂದೊಂದೇ ಸಾಲನ್ನು ಅವರ ಮನೆಯ ಸನ್ನೆಯಲ್ಲಿ ಹೇಳಿದಳು. ಹಳೇ ಜಾಗ ಅಂದಾಗ ಕಾಲರಕ್ಕ ನನ್ನ ಕಡೆ ನೋಡಿದಳು. ಕೊನೆಗೆ ನಾನು ಪೆನ್ನು ತೆಗೆದು ಸಹಿಯ ಜಾಗದ ಹತ್ತಿರ ಇಟ್ಟೆ.

ಅವಳು ಪೆನ್ನು ಮುಟ್ಟಲಿಲ್ಲ. ಅತ್ತಿಗೆಯ ಕಡೆ ತಿರುಗಿ ಕೈಗಳಲ್ಲಿ ಬಹಳ ಹೊತ್ತು ಏನೋ ಹೇಳಿದಳು. ಏನಂತೆ ಎಂದೆ. ಬುಡಿ ಮೇಡಂ ಅಂದಳು ಅತ್ತಿಗೆ. ನಾನು ಬಿಡಲಿಲ್ಲ. ಅವಳು ನೆಲ ನೋಡುತ್ತಾ ಹೇಳಿದಳು.

"ಕೇಳಂಗಿದ್ರೆ ಮೊದ್ಲೇ ಕೇಳ್ಬೇಕಿತ್ತು ಅಂತವಳೆ. ಈಗ್ಲೂವೆ ನೀವು ಬರ್ಕೊಂಡೇ ಬಂದಿದೀರಂತೆ."

ನಾನು ಮಜ್ಜಿಗೆ ಕುಡಿದು ಮುಗಿಸಿದೆ. ಕಾಗದ ಮಡಿಸಿದೆ. ಕಾಲರಕ್ಕ ಆಟೋ ನಿಲ್ಲುವ ಕಡೆವರೆಗೂ ಬಂದು ಕಳಿಸಿಕೊಟ್ಟಳು. ಮನೆಗೆ ಬಂದವರನ್ನು ಹಾಗೆ ಕಳಿಸುವುದು ಅವರ ಕಡೆಯ ರೂಢಿ, ಅದಕ್ಕಿಂತ ಹೆಚ್ಚಿನದೇನೂ ಅದರಲ್ಲಿ ಇರಲಿಲ್ಲ. ಅದೇ ಕೊನೆ. ಕೆಲವು ವರ್ಷಗಳಲ್ಲಿ ಆ ಗಾರ್ಮೆಂಟ್ಸ್ ಮುಚ್ಚಿತು. ಮಿಷಿನ್ನುಗಳು, ಹಲಗೆಗಳು ಲಾರಿ ಹತ್ತಿ ಎಲ್ಲಿಗೋ ಹೋದವು, ನಾನೂ ಕೆಲಸ ಬಿಟ್ಟೆ.

ಬಿಟ್ಟೆ ಅಂದರೆ ಪೂರ್ತಿ ಬಿಟ್ಟಿಲ್ಲ. ಈಗ ಬೆಂಬಲ ಯೋಜನೆ ಬರೆಯುವುದೇ ನನ್ನ ಹೊಟ್ಟೆಪಾಡು. ಶಿರಾದ ಮಿಲ್ಲು, ಕೊರಟಗೆರೆಯ ಸಣ್ಣ ಕಾರ್ಖಾನೆ, ವಳ್ಳೂರಿನ ಕಡೆ ಸೋಲಾರ್ ಪ್ಲೇಟ್ ಒರೆಸುವ ಗುತ್ತಿಗೆಯವರು, ಯಾರಿಗೆ ಬೇಕೋ ಅವರಿಗೆ ಬರೆದುಕೊಡುತ್ತೇನೆ. ಮೊದಮೊದಲು ಒಬ್ಬೊಬ್ಬರ ಪಕ್ಕ ಅರ್ಧ ದಿನ ಕೂತು, ಅವರ ಕೈ ಕಾಲು ಎಲ್ಲಿ ಹೋಗುತ್ತದೆ ನೋಡಿ, ಅವರ ಮನೆಯವರನ್ನೂ ಕರೆಸಿ ಮಾತಾಡಿ ಬರೆಯುತ್ತಿದ್ದೆ. ಮೇಡಂ ಬಹಳ ನಿಧಾನ ಎಂಬ ಹೆಸರು ಬಂತು. ಆಮೇಲೆ ಮಂಡಿ ನೋವು ಶುರುವಾಯಿತು. ಫಾರಂ ಹತ್ತು ಪುಟದ್ದಾಯಿತು...

ಅಂಗಿ ಕಂಡ ಭಾನುವಾರ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅತ್ತಿಗೆಯ ಹಳೇ ನಂಬರಿಗೆ ಫೋನ್ ಮಾಡಿದೆ, ಹೇಗೋ ಸಿಕ್ಕಿತು. ಮಂಗಳವಾರ ಶಿರಾಕ್ಕೆ ಹೋಗುವವಳು ಬಡವನಹಳ್ಳಿಯಲ್ಲಿ ಇಳಿದೆ. ಅತ್ತಿಗೆ ಬಸ್ ಸ್ಟಾಪಿಗೇ ಬಂದಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ನಾನು ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟಳು. "ಆವಮ್ಮ ಹೋಗ್ಬುಟ್ಲು ಕಣ್ ಮೇಡಂ, ಎಲ್ಡು ವರ್ಸ ಆತು. ಜ್ವರ ಅಂತ ಮಲಗಿದೋಳು ಏಳ್ಲೇ ಇಲ್ಲ."

ಹೋಟೆಲಿನ ಬೆಂಚಿನ ಮೇಲೆ ಕೂತು ಕಾಫಿ ಕುಡಿದೆವು. ಕೆಲಸ ಬಿಟ್ಟ ಮೇಲೆ ಕಾಲರಕ್ಕ ಮಿಷಿನ್ ಮುಟ್ಟಲೇ ಇಲ್ಲವಂತೆ. ಊರಿನ ಹೆಂಗಸರು ರವಿಕೆ ಹೊಲಿದುಕೊಡು ಎಂದು ಬಂದರೆ ಅಂಗೈ ತೋರಿಸಿ ಇಲ್ಲ ಎಂದು ಅಲ್ಲಾಡಿಸುತ್ತಿದ್ದಳಂತೆ. ಅಣ್ಣನ ಜೊತೆ ಕುರಿಯ ಹಿಂದೆ ಹೋಗುತ್ತಿದ್ದಳು, ಅಷ್ಟೇ. ಅತ್ತಿಗೆ ಇದನ್ನೆಲ್ಲ ದೂರಿನ ಹಾಗೆ ಹೇಳಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು, ನನಗೂ ಬಂತು. ಕಾಲರಕ್ಕನ ಹತ್ತಿರ ನಾನು ಕ್ಷಮೆ ಕೇಳಲಿಲ್ಲವಲ್ಲ ಎಂದೆ. ಕೇಳಲು ಅವಳ ಭಾಷೆಯೂ ನನಗೆ ಬರುತ್ತಿರಲಿಲ್ಲ.

ನನ್ನ ವಿಷಯ ಯಾವತ್ತಾದರೂ ತೆಗೆಯುತ್ತಿದ್ದಳಾ ಎಂದು ಕೇಳಿದೆ. ತೆಗೀತಿದ್ಲು ಎಂದಳು ಅತ್ತಿಗೆ. ಅವರ ಮನೆಯಲ್ಲಿ ಗುರುತಿನವರಿಗೆಲ್ಲ ಅವಳು ಒಂದೊಂದು ಸನ್ನೆ ಇಟ್ಟಿದ್ದಳಂತೆ, ಹೆಸರಿನ ಬದಲಿಗೆ. ಸೂಪರ್‌ವೈಸರನಿಗೆ ಮೀಸೆ ತೀಡುವುದು, ಮೆಕ್ಯಾನಿಕ್ಕನಿಗೆ ತಿರುಪು ತಿರುಗಿಸುವುದು. ಹಾಗಾದರೆ ನನಗೆ ಎಂದೆ.

ಅತ್ತಿಗೆ ಲೋಟ ಕೆಳಗಿಟ್ಟಳು. ಎಡಗೈಯನ್ನು ಕಾಗದದ ಹಾಗೆ ಮುಂದೆ ಹಿಡಿದು, ತಲೆ ಪೂರ್ತಿ ಬಗ್ಗಿಸಿ, ಬಲಗೈ ಬೆರಳಿನಿಂದ ಅಂಗೈಯ ಮೇಲೆ ಸರಸರ ಬರೆಯತೊಡಗಿದಳು. ನಾನು ಅವಳು ತಲೆ ಎತ್ತುವುದನ್ನು ಕಾಯುತ್ತಿದ್ದೆ. ಅವಳು ಬರೆಯುತ್ತಲೇ ಇದ್ದಳು. ಆ ಸನ್ನೆಯಲ್ಲಿ ತಲೆ ಎತ್ತುವುದು ಇರಲಿಲ್ಲ.

ಶಿರಾ ಬಸ್ಸು ಬಂತು. ಹತ್ತಿ ಕಿಟಕಿಯ ಪಕ್ಕ ಕೂತೆ. ಚೀಲದಲ್ಲಿ ಅವತ್ತಿನ ಮೂರು ಫಾರಂಗಳಿದ್ದವು. ಮೂವರಲ್ಲಿ ಯಾರನ್ನೂ ನಾನು ಇನ್ನೂ ನೋಡಿರಲಿಲ್ಲ. ಮೂರನ್ನೂ ಹಿಂದಿನ ಸಂಜೆ ಮನೆಯಲ್ಲೇ ಅರ್ಧ ತುಂಬಿ ಇಟ್ಟುಕೊಂಡಿದ್ದೆ.